ಪಕ್ಕದ ಮನೆ ಕಾರಿನ ಹುಟ್ಟುಬಣ್ಣ

ಐರ್ಲೆಂಡಿನ ಲೂಕನ್ನಿನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಎಪ್ಪತ್ತು ದಾಟಿದ ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದರು. ಅವರ ಷೆಡ್ಡಿನಲ್ಲಿ ಅಮೆರಿಕದ ಹಳೇ ಮಸಲ್ ಕಾರೊಂದು ಮೂವತ್ತು ವರ್ಷದಿಂದ ಕೂತಿತ್ತು. ಸಾಧಾರಣ ಕಾರಿನ ಮೈಯೊಳಗೆ ದೈತ್ಯ ಎಂಜಿನ್ ತುರುಕಿದ್ದಕ್ಕೆ ಆ ಹೆಸರು.

ಕೊರೊನಾ ಬಂದು, ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ನಿಯಮ ಬಿದ್ದಾಗ ಅವರು ಕಾರನ್ನು ಬಿಚ್ಚಿ ಹರವಿಕೊಂಡು ಕೂತರು. ಆಫೀಸ್ ಕೆಲಸ ಮುಗಿದ ಮೇಲೆ ನನಗೂ ಹೋಗಲು ಜಾಗವಿರಲಿಲ್ಲ. ಮಾಸ್ಕ್ ಹಾಕಿಕೊಂಡು, ಷೆಡ್ಡಿನ ಬಾಗಿಲಲ್ಲಿ ಎರಡು ಮೀಟರ್ ದೂರ ನಿಂತು ಸಲಹೆ ಕೊಡತೊಡಗಿದೆ. ಸಲಹೆ ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಅವರದು ಒಂದೇ ಹಟ. ಕಾರು ಫ್ಯಾಕ್ಟರಿಯಿಂದ ಯಾವ ಬಣ್ಣದಲ್ಲಿ ಹೊರಬಂದಿತ್ತೋ ಅದೇ ಬಣ್ಣ ಮತ್ತೆ ಹೊಡೆಸಬೇಕು. ಅವರು ಕೊಂಡಾಗಲೇ ಅದು ಕಪ್ಪಾಗಿತ್ತು. ಬಣ್ಣದ ನಂಬರು ಒತ್ತಿದ್ದ ತಗಡಿನ ಚೂರು ಎಲ್ಲೋ ಕಳೆದುಹೋಗಿತ್ತು. ಹೀಗಾಗಿ ಕಾರಿನ ಮೈಮೇಲೆ ನಾಣ್ಯದಗಲ ಜಾಗವನ್ನು ವಾಟರ್ ಪೇಪರಿನಿಂದ ಉಜ್ಜಿ ನೋಡಿದೆವು. ಕಪ್ಪಿನಡಿ ಕೆಂಪು, ಕೆಂಪಿನಡಿ ಬರೀ ತಗಡು. ಯಾರೋ ಪುಣ್ಯಾತ್ಮ ಕೆಂಪು ಹೊಡೆಯುವ ಮುಂಚೆ ಹಳೆಯದನ್ನೆಲ್ಲ ಕೆರೆದು ಹಾಕಿದ್ದ. ಇನ್ನು ಅವನ ಕೈ ತಲುಪದ ಸಂದಿಗೊಂದಿಗಳೇ ಗತಿ. ಡಿಕ್ಕಿಯ ತಳದಲ್ಲಿ ಟಾರು, ಬಾಗಿಲ ರಬ್ಬರಿನಡಿ ತುಕ್ಕು. ನಾನು ಪ್ರತಿಯೊಂದರ ಫೋಟೋ ತೆಗೆದು, ಪಟ್ಟಿ ಮಾಡಿ, ಮಹಾ ಸಂಶೋಧಕನಂತೆ ಬೀಗಿದೆ.

ಆ ಮಧ್ಯೆ ಆಯುಧಪೂಜೆ ಬಂತು. ನಮ್ಮ ಕಾರಿಗೆ ನನ್ನ ಹೆಂಡತಿ ಅರಿಶಿನ ಕುಂಕುಮ ಹಚ್ಚುವುದನ್ನು ಗೋಡೆಯಾಚೆಯಿಂದ ಅವರು ನೋಡಿ, “ನನ್ನ ಕಾರು ಏನು ಪಾಪ ಮಾಡಿತ್ತು?” ಅಂದರು. ಅವಳು ತಟ್ಟೆ ಹಿಡಿದುಕೊಂಡು ಹೋದಳು. ಬಾನೆಟ್ ಬಿಚ್ಚಿಟ್ಟಿದ್ದರಿಂದ ಎಲ್ಲಿ ಹಚ್ಚುವುದೆಂದು ಸುತ್ತ ಒಂದು ಸಲ ನೋಡಿದಳು. “ಬಾಗಿಲಿದೆ ಅಂದ್ಮೇಲೆ ಹೊಸ್ತಿಲೂ ಇರ್ಬೇಕಲ್ವಾ!” ಎಂದು ಎರಡೂ ಬಾಗಿಲ ಕೆಳಗಿನ ಲೋಹದ ಪಟ್ಟಿಗೆ ಧಾರಾಳವಾಗಿ ಅರಿಶಿನದ ನೀರು ಬಳಿದಳು. ಹೊಸ್ತಿಲನ್ನು ತುಳಿಯಬಾರದು, ದಾಟಬೇಕು ಎಂದು ಅವರಿಗೆ ಪಾಠವನ್ನೂ ಹೇಳಿದಳು. ಅವರು “ಗ್ರ್ಯಾಂಡ್” ಅಂದರು; ಅಲ್ಲಿಯವರ ಬಾಯಲ್ಲಿ ಅದಕ್ಕೆ ‘ಸರಿ, ಆಗಲಿ’ ಎಂದಷ್ಟೇ ಅರ್ಥ. ಮರುದಿನ ಒರೆಸಿದಾಗ ಪಟ್ಟಿ ಫಳಫಳ ಹೊಳೆಯಿತು. ನಾವೆಲ್ಲ ಅದನ್ನು ಮರೆತೆವು.

ಸಂಕ್ರಾಂತಿ ಕಳೆದ ಮೇಲೆ ಪೇಂಟರ್ ದಿನ ಕೊಟ್ಟ. ಸೋಮವಾರ ಬೆಳಗ್ಗೆ ಕಾರು ಒಯ್ಯುವುದು, ಅಷ್ಟರಲ್ಲಿ ಬಣ್ಣ ಹೇಳಬೇಕು. ಶುಕ್ರವಾರ ಸಂಜೆ, ಉಳಿದಿದ್ದ ಕೊನೇ ಜಾಗವೆಂದು ಡ್ರೈವರ್ ಬಾಗಿಲ ಕೆಳಗಿನ ಪಟ್ಟಿಯ ಸ್ಕ್ರೂ ಬಿಚ್ಚಿ ಎತ್ತಿದೆ. ಹಳದಿ! ನಾನು ಕೂಗಿಕೊಂಡ ಸದ್ದಿಗೆ ಅವರು ಎರಡು ಮೀಟರ್ ಮರೆತು ಓಡಿಬಂದರು.

“ಜೀವನಪೂರ್ತಿ ಬೇರೆಯವರು ಆರಿಸಿದ ಬಣ್ಣದ ಬಸ್ ಓಡ್ಸಿದೀನಿ,” ಎಂದು ಟೋಪಿ ತೆಗೆದು ತಲೆ ಸವರಿಕೊಂಡರು. “ನನ್ನ ಕಾರು ಹಳದಿ ಅಂತೆ!” ಅಲ್ಲೇ ಪೇಂಟರಿಗೆ ಫೋನ್ ಮಾಡಿ ಹೇಳಿಯೂಬಿಟ್ಟರು. ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಭಾನುವಾರ ಮಧ್ಯಾಹ್ನ ಹೆಂಡತಿಗೆ ಫೋಟೋ ತೋರಿಸಿದೆ. ಅವಳು ಒಂದು ನಿಮಿಷ ದಿಟ್ಟಿಸಿ, “ರೀ, ಇದು ನಮ್ಮನೆ ಅರಿಶಿನ ಕಣ್ರೀ. ಪೂಜೆ ದಿನ ಬಳಿದ ನೀರು ಪಟ್ಟಿ ಅಡಿಗೆ ಇಳಿದಿದೆ” ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. “ನಿಂಗೇನು ಗೊತ್ತು ಪೇಂಟು? ನಾಲ್ಕು ತಿಂಗಳಿಂದ ಇದೇ ಮಾಡ್ತಿದೀನಿ.”

“ಒಂದ್ಸಲ ಸೋಪು ಮುಟ್ಸಿ ನೋಡಿ. ಪೇಂಟಾದ್ರೆ ಹಂಗೇ ಇರತ್ತೆ. ಅರಿಶಿನ ಆದ್ರೆ ಕೆಂಪಾಗತ್ತೆ.”

ಅರಿಶಿನದ ಕೈಗೆ ಸೋಪು ತಾಕಿದರೆ ಏನಾಗುತ್ತದೆಂದು ಯಾರೂ ನನಗೆ ಕಲಿಸಬೇಕಿರಲಿಲ್ಲ. ಸುಮ್ಮನಿದ್ದುಬಿಡಲೇ ಅನ್ನಿಸಿದ್ದು ನಿಜ. ಮುದುಕರು ಅಷ್ಟು ಖುಷಿಯಾಗಿದ್ದರು, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಮೂವತ್ತು ವರ್ಷದಿಂದ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ. ಅದಕ್ಕೆ ಸುಳ್ಳು ಉತ್ತರ ಕೊಟ್ಟವನು ನಾನಾಗುವುದು ಬೇಡವಾಗಿತ್ತು.

ಸೋಪಿನ ನೀರಿನ ಬಟ್ಟಲು ಹಿಡಿದು ಹೋಗಿ, ವಿಷಯ ಹೇಳಿ, ಅವರೆದುರೇ ಉಜ್ಜಿದೆ. ಹಳದಿ ನೋಡನೋಡುತ್ತ ಆರತಿ ನೀರಿನಂತೆ ಕೆಂಪಾಯಿತು. ಇನ್ನಷ್ಟು ಒರೆಸಿದೆ. ಅಡಿಯಲ್ಲಿದ್ದದ್ದು ಬಿಳಿ. ಗಟ್ಟಿಯಾಗಿ, ನಯವಾಗಿ ಕೂತ ಬರೀ ಬಿಳಿ.

“ತಪ್ಪು ನಂದೇ,” ಅಂದೆ. ಮುಖ ಎತ್ತಲಾಗಲಿಲ್ಲ.

ಅವರು ತುಂಬ ಹೊತ್ತು ಬಗ್ಗಿ ನೋಡಿದರು. “ನಮ್ಮ ಫ್ರಿಜ್ಜಿನ ಬಣ್ಣ,” ಅಂದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೇನೋ ಎಂದು ಹೆದರಿದೆ. ಮುದುಕರು ನಗುತ್ತಿದ್ದರು. “ಹೋಗ್ಲಿ ಬಿಡಿ, ಎರಡು ದಿನ ಹಳದಿ ಕಾರಿನ ಯಜಮಾನ ಆಗಿದ್ದೆ.” ಕಣ್ಣೊರೆಸಿಕೊಂಡು ಪೇಂಟರಿಗೆ ಫೋನ್ ಹಚ್ಚಿ, ಬಿಳಿ ಎಂದು ಹೇಳಿದರು.

ನಿರ್ಬಂಧ ಸಡಿಲಾದ ಮೇಲೆ ಕಾರು ಬೆಳ್ಳಗೆ ಹೊಳೆಯುತ್ತ ಬಂತು. ಮೊದಲ ಸವಾರಿ ನನಗಿರಬಹುದೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಕಾದಿದ್ದೆ. ಅವರು ಕರೆದದ್ದು ನನ್ನ ಹೆಂಡತಿಯನ್ನು. ಅವಳು ಕೂತಾದ ಮೇಲೆ ಅವರು ಈ ಕಡೆ ಬಂದು ಬಾಗಿಲು ತೆಗೆದರು. ನೋವಿನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿ, ಬಾಗಿಲ ಕೆಳಗಿನ ಆ ಪಟ್ಟಿಗೆ ಬೂಟು ತಾಗದ ಹಾಗೆ ದಾಟಿ ಒಳಗೆ ಕೂತರು.