ಶೃಂಗೇರಿ ಕೌಂಟರಿನ ನಿಧಾನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ಕಡೆ ಗೊಬ್ಬರ ಮತ್ತು ಅಡಿಕೆಗೆ ಹೊಡೆಯುವ ಮೈಲುತುತ್ತದ ಮಳಿಗೆ ಇಟ್ಟಿರುವ ಒಂದು ಸಹಕಾರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಹುದ್ದೆಯ ಹೆಸರು ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ದಿನದ ಅರ್ಧ ಬಸ್ಸಿನಲ್ಲೇ ಹೋಗುತ್ತದೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಫೋನು ನನಗೇ.

ಮೊದಲು ಮಳಿಗೆಗೊಂದು ಸರ್ವರ್ ಇತ್ತು. ಅವು ಹಳತಾಗಿ ಕೆಡತೊಡಗಿದ ಮೇಲೆ ಕೊಪ್ಪದ ಕಚೇರಿಗೆ ಒಂದೇ ದೊಡ್ಡ ಯಂತ್ರ ತರಿಸಿ, ಅದೊಂದೇ ಮೂರರಂತೆ ಕೆಲಸ ಮಾಡಲೆಂದು ಅದರೊಳಗೆ ಮಳಿಗೆಗೊಂದರಂತೆ ಮೂರು ವರ್ಚುವಲ್ ಸರ್ವರ್ ಮಾಡಿಸಿದರು. ಯಾರೋ ಹೊರಗಿನವರು ಬಂದು ಹಾಕಿಕೊಟ್ಟು ಹೋದರು. ಆಮೇಲಿನದ್ದೆಲ್ಲ ನನ್ನ ತಲೆಗೆ ಬಂತು.

ಸ್ವಲ್ಪ ದಿನದಲ್ಲೇ ಶೃಂಗೇರಿಯಿಂದ ದೂರು ಶುರುವಾಯಿತು. ಬಿಲ್ಲು ಬೇಗ ಬರುವುದಿಲ್ಲ, ಜನ ಬೈಯುತ್ತಾರೆ ಅಂತ. ಅಲ್ಲಿನ ಕೌಂಟರಿನಲ್ಲಿದ್ದವರು ಐವತ್ತು ದಾಟಿದ ಒಬ್ಬ ಅಕ್ಕ. ನಾನು ಹೋಗಿ ಅವರ ಕಂಪ್ಯೂಟರಿಗೆ ಮೆಮೊರಿ ಹಾಕಿದೆ. ಮತ್ತೊಂದು ಸಲ ಹೋಗಿ ವಿಂಡೋಸ್ ಅನ್ನೇ ಹೊಸದಾಗಿ ಹಾಕಿದೆ. ಕೊಪ್ಪದ ಕೆಲಸ ಮುಗಿಸಿ ನಾನು ತಲುಪುವಾಗ ಮಧ್ಯಾಹ್ನ ಆಗಿರುತ್ತಿತ್ತು. ಆ ಹೊತ್ತಿಗೆ ಎಲ್ಲ ಸಲೀಸಾಗಿ ಓಡುತ್ತಿತ್ತು.

"ನೀನು ಬಂದಾಗ ಸರಿ ಇರ್ತದೆ ಮಾರಾಯ್ತಿ," ಅಂದರು ಅಕ್ಕ. "ನಾನೇ ಎಂತದೋ ತಪ್ಪು ಒತ್ತುತ್ತೇನೋ ಏನೋ."

ಸಂಘದ ಕಾರ್ಯದರ್ಶಿಗಳೂ ಒಂದು ಮಧ್ಯಾಹ್ನ ಹೋಗಿ ನೋಡಿ ಬಂದರು. ಯಂತ್ರ ಸರಿಯಿದೆ, ಅವರಿಗೆ ವಯಸ್ಸಾಯಿತು, ಕೈ ಓಡುವುದಿಲ್ಲ ಎಂದರು. ಅಕ್ಕ ಮನೆಯಲ್ಲಿ ಮಗಳ ಲ್ಯಾಪ್‌ಟಾಪಿನಲ್ಲಿ ಟೈಪಿಂಗ್ ಅಭ್ಯಾಸ ಮಾಡುತ್ತಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು. ಅದಾದರೂ ಬಿಲ್ಲು ಬೇಗ ಬರಲಿಲ್ಲ. ಕೊನೆಗೆ ತನ್ನನ್ನು ಗೋದಾಮಿಗೆ ಹಾಕಿ ಎಂದು ಅವರೇ ಕೇಳಿಕೊಂಡರು.

ಆ ಸುದ್ದಿ ಕೇಳಿ ನನಗೆ ಸಮಾಧಾನ ಇರಲಿಲ್ಲ. ಒಂದು ದಿನ ಬೇರೆ ಎಲ್ಲ ಬಿಟ್ಟು ಮೊದಲ ಬಸ್ಸಿಗೇ ಶೃಂಗೇರಿಗೆ ಹೋಗಿ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಬೆಳಗಿನ ಬಸ್ಸಿಗೆ ಪೇಟೆಗೆ ಬರುವವರಿಗಾಗಿ ಆ ಮಳಿಗೆ ಮಾತ್ರ ಬೇಗ ಬಾಗಿಲು ತೆಗೆಯುತ್ತದೆ. ಅಕ್ಕ ಸಾಮಾನಿನ ಹೆಸರು ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗುತ್ತಾ ಕೂತಿತು. ಎದುರಿಗೆ ನಾಲ್ಕೈದು ಜನ ಚೀಲ ಹಿಡಿದು ನಿಂತಿದ್ದರು. ಅಕ್ಕ ಯಾರ ಮುಖವನ್ನೂ ನೋಡಲಿಲ್ಲ.

ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಅವರ ಕಂಪ್ಯೂಟರಿಗೆ ಕೆಲಸವೇ ಇರಲಿಲ್ಲ. ಅಲ್ಲಿಂದಲೇ ನೆಟ್‌ವರ್ಕ್ ಮೂಲಕ ಕೊಪ್ಪದ ಯಂತ್ರದೊಳಗೆ ಹೋದೆ. ಮೆಮೊರಿ ಬೇಕಾದಷ್ಟಿತ್ತು. ಡಿಸ್ಕಿಗೆ ಮಾತ್ರ ಬಿಡುವಿರಲಿಲ್ಲ. ಮೂರೂ ಸರ್ವರುಗಳಲ್ಲಿ ಒಟ್ಟಿಗೆ ವೈರಸ್ ತಪಾಸಣೆ ನಡೆಯುತ್ತಿತ್ತು. ಹಾಕಿಕೊಟ್ಟವರು ಒಂದನ್ನು ತಯಾರು ಮಾಡಿ, ಉಳಿದೆರಡನ್ನು ಅದರ ನಕಲು ತೆಗೆದು ಮಾಡಿದ್ದರು. ಹಾಗಾಗಿ ತಪಾಸಣೆಯ ಹೊತ್ತೂ ನಕಲಾಗಿತ್ತು. ಇರುವ ಒಂದು ಡಿಸ್ಕಿಗೆ ಮೂರೂ ಬಾಯಿ ಹಾಕಿದಾಗ ಬಿಲ್ಲಿಗೆ ಜಾಗ ಎಲ್ಲಿ? ಬೇರೆ ಎರಡು ಮಳಿಗೆ ಬಾಗಿಲು ತೆಗೆಯುವಷ್ಟರಲ್ಲಿ ತಪಾಸಣೆ ಮುಗಿದಿರುತ್ತಿತ್ತು.

ತಪಾಸಣೆಯ ಹೊತ್ತನ್ನು ರಾತ್ರಿಗೆ ಬದಲಾಯಿಸಲು ಚಹಾ ಕುಡಿಯುವಷ್ಟು ಸಮಯವೂ ಬೇಕಾಗಲಿಲ್ಲ. ಮರುದಿನದಿಂದ ಬಿಲ್ಲು ಸರಾಗವಾಗಿ ಬಂತು.

ಕಾರ್ಯದರ್ಶಿಗಳಿಗೆ ಎಲ್ಲ ವಿವರಿಸಿ, ಅಕ್ಕನನ್ನು ಕೌಂಟರಿನಲ್ಲೇ ಇರಿಸಿ ಎಂದೆ. ಆದೇಶ ಆಗಿಹೋಗಿದೆ, ಹೊಸಬರು ಸೋಮವಾರ ಬರುತ್ತಾರೆ ಎಂದರು. ಇನ್ನು ಹೇಗೂ ಎಲ್ಲ ಕ್ಲೌಡಿಗೆ ಹೋಗುವುದಿದೆಯಲ್ಲ, ಇಂಥ ರಗಳೆಯೇ ಇರುವುದಿಲ್ಲ ಎಂದೂ ಸೇರಿಸಿದರು.

ಮುಂದಿನ ಸಲ ಹೋದಾಗ ಅಕ್ಕ ಗೋದಾಮಿನಲ್ಲಿ ಸುಣ್ಣದ ಚೀಲಗಳ ಹತ್ತಿರ ಕೂತಿದ್ದರು. ನಡೆದದ್ದನ್ನು ಹೇಳಿದೆ.

"ಹಾಗಾದ್ರೆ ನನ್ನ ಕೈ ನಿಧಾನ ಆಗಿರ್ಲಿಲ್ಲ, ಅಲ್ವಾ?"

"ಇಲ್ಲ ಅಕ್ಕ."

"ಕಾರ್ಯದರ್ಶಿಗಳಿಗೂ ಹೇಳಿದ್ಯಾ?"

ಹೇಳಿದ್ದೇನೆ ಎಂದೆ. ಅವರು ಏನಂದರು ಅಂತ ಅಕ್ಕ ಕೇಳಲಿಲ್ಲ. ಇಲ್ಲಿ ಯಾರೂ ಎದುರಿಗೆ ಬಂದು ಕಾಯುತ್ತಾ ನಿಲ್ಲುವುದಿಲ್ಲ, ಇದೇ ಅಡ್ಡಿಲ್ಲ ಎಂದರು.

ಈಗ ಎಲ್ಲ ಕ್ಲೌಡಿಗೆ ಹೋಗಿದೆ. ಸರ್ವರ್ ಯಾವ ಊರಲ್ಲಿದೆಯೋ ನನಗೂ ಗೊತ್ತಿಲ್ಲ. ರಸ್ತೆ ಕೆಲಸದವರು ಕೇಬಲ್ ಕಡಿದರೆ ಮೂರೂ ಮಳಿಗೆ ಒಟ್ಟಿಗೆ ನಿಲ್ಲುತ್ತವೆ, ಮೂರೂ ಕಡೆಯಿಂದ ಫೋನು ಬರುತ್ತದೆ. ನಾನು ಇನ್ಯಾರಿಗೋ ಫೋನು ಮಾಡುತ್ತೇನೆ. ಅವರು ಕಾಯಿರಿ ಅನ್ನುತ್ತಾರೆ. ಕಾಯುತ್ತೇನೆ.