ತಾಯತದ ಜೊತೆಯ ಕೀಲಿಕೈ

ಆ ಊರಿನ ಹೆಸರು ಬರೆಯುವುದಿಲ್ಲ. ಕೊಟ್ಟೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಎಂದರೆ ಸಾಕು. ಹೆಸರು ಹೇಳಿದರೆ ಈಗಲೂ ಇಬ್ಬರು ಮೂವರು ಮುಖ ಗಂಟು ಹಾಕಿಕೊಂಡಾರು. ಎಂಬತ್ತರ ದಶಕದ ಮೊದಲಲ್ಲಿ, ಇಪ್ಪತ್ತೈದು ದಾಟದ ನಾನು ಅಲ್ಲಿನ ಕರೆಂಟ್ ಆಫೀಸಿಗೆ ಸೆಕ್ಷನ್ ಆಫೀಸರ್ ಆಗಿ ಹೋದೆ. ಹಡಗಲಿ ಕಡೆಯ ಹುಡುಗ, ಕೈಯಲ್ಲಿ ಹೊಸ ಡಿಪ್ಲೊಮಾ, ಮೂಗಿನ ತುದಿಯಲ್ಲಿ ಸಿಟ್ಟು. ನನ್ನ ಅವ್ವ ಬಸ್ಸು ಹತ್ತಿಸುವಾಗ ಹೇಳಿದ್ದು ಒಂದೇ ಮಾತು: "ಬಾಯಿ ಕಡಿಮಿ ಮಾಡು, ಕಿವಿ ಜಾಸ್ತಿ ಮಾಡು." ನಾನು ಅದನ್ನು ಬಸ್ಸಿನಲ್ಲೇ ಬಿಟ್ಟು ಇಳಿದೆ.

ಆಫೀಸೆಂದರೆ ಎರಡು ಕೋಣೆ, ಒಂದು ಫೋನು, ಮೂವರು ಲೈನ್‌ಮನ್‌ಗಳು. ಫೋನಿನ ಪಕ್ಕ ಕೂತು ಕಂಪ್ಲೇಂಟ್ ಬರೆದುಕೊಳ್ಳುವವನೊಬ್ಬನಿದ್ದ. ಮೂವತ್ತೈದರ ಆಸುಪಾಸು, ಎಲ್ಲರೂ ಅಣ್ಣ ಎನ್ನುತ್ತಿದ್ದರು. ಲೈನ್‌ಮನ್‌ಗಳಲ್ಲಿ ಹಿರಿಯವನು ಚಾಚಾ. ಆ ಕಡೆ ಮೊದಲ ಕಂಬ ನೆಟ್ಟಾಗಿನಿಂದ ಕಂಬ ಹತ್ತಿದವನು. ಐವತ್ತು ದಾಟಿದ್ದರೂ ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಹತ್ತಿದರೆ ಉಳಿದಿಬ್ಬರು ಕತ್ತೆತ್ತಿ ನೋಡಬೇಕು, ಹಾಗೆ ಹತ್ತುತ್ತಿದ್ದ. ಹಾಗೆಂದು ಜನ ಹೇಳುತ್ತಿದ್ದರು. ಮೊದಲ ಹತ್ತು ದಿನ ಅದನ್ನು ನೋಡುವ ಭಾಗ್ಯ ನನಗೆ ಸಿಗಲಿಲ್ಲ. ಅದಕ್ಕೆ ಕಾರಣ ನಾನೇ.

ಊರಾಚೆ ಎರೆಹೊಲಗಳ ನಡುವೆ ಜೋಡಿ ಕಂಬವೊಂದಿತ್ತು. ಅದರ ಬುಡದಲ್ಲಿ ಎದೆಮಟ್ಟಕ್ಕೆ ಕಬ್ಬಿಣದ ಹಿಡಿಕೆ. ಹಿಡಿಕೆ ಇಳಿಸಿದರೆ ಅಲ್ಲಿಂದ ಮುಂದಿನ ತಂತಿ ಸತ್ತಂತೆ, ಎತ್ತಿದರೆ ಹನ್ನೊಂದು ಸಾವಿರ ವೋಲ್ಟು. ಕಂಬ ಹತ್ತುವ ಮೊದಲು ಹಿಡಿಕೆ ಇಳಿಸಿ ಬೀಗ ಹಾಕುವುದು ಎಲ್ಲ ಕಡೆ ಇರುವ ಪದ್ಧತಿ. ಇಲ್ಲಿ ಮಾತ್ರ ಆ ಬೀಗ ಆಫೀಸಿನದಲ್ಲ. ಕೊಟ್ಟೂರಿನ ಪೇಟೆಯಲ್ಲಿ ಚಾಚಾ ಸ್ವಂತ ದುಡ್ಡಿನಿಂದ ತಂದ ಹಿತ್ತಾಳೆ ಬೀಗ. ಕೀಲಿಕೈ ಎರಡು. ಎರಡೂ ಅವನ ಎಡ ತೋಳಿನಲ್ಲಿ, ತಾಯತದ ಕರಿದಾರಕ್ಕೇ ಕಟ್ಟಿದ್ದವು. ಅವನು ಹತ್ತಿದರೆ ಕೀಲಿಕೈಗಳೂ ಹತ್ತುತ್ತಿದ್ದವು.

ನನಗೆ ಮೈಯೆಲ್ಲ ಉರಿಯಿತು. ಸರ್ಕಾರಿ ಸ್ವಿಚ್ಚಿಗೆ ಖಾಸಗಿ ಬೀಗವೆಂದರೆ ಏನರ್ಥ? ನಾಳೆ ಇವನು ಜ್ವರ ಬಂದು ಮಲಗಿದರೆ ಊರೇ ಕತ್ತಲಲ್ಲಿ ಕೂರಬೇಕೇ? ಮೂರನೆಯ ದಿನ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ, ಒಂದು ಕೀಲಿಕೈ ನನ್ನ ಟೇಬಲ್ಲಿನ ಡ್ರಾಯರಿನಲ್ಲಿ ಇರಬೇಕು ಎಂದು ಅಪ್ಪಣೆ ಹೊರಡಿಸಿದೆ. ವಾದ ಮಾಡುತ್ತಾರೆಂದು ಎರಡು ನಿಮಿಷದ ಭಾಷಣವನ್ನೂ ತಯಾರಿಟ್ಟುಕೊಂಡಿದ್ದೆ. ಚಾಚಾ ದಾರ ಬಿಚ್ಚಿ, ಒಂದನ್ನು ತೆಗೆದು ಟೇಬಲ್ಲಿನ ಮೇಲಿಟ್ಟ.

"ಆತ್ರಿ ಸಾಹೇಬ್ರ," ಎಂದ. ಅಷ್ಟೇ.

ಗೆದ್ದೆ ಎಂದುಕೊಂಡೆ. ಅವತ್ತಿನಿಂದ ಆ ಊರಿನ ಕಂಬಗಳೆಲ್ಲ ಎತ್ತರವಾದವು. ಒಂದು ದಿನ "ಗಾಳಿ ಭಾಳ ಐತ್ರಿ", ಇನ್ನೊಂದು ದಿನ "ಮಳಿ ಮೋಡ ಕಾಣ್ತೈತ್ರಿ", ಮಗದೊಂದು ದಿನ ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬನ ಹಗ್ಗ ಸವೆದಿದೆ. ಯಾರೂ ಎದುರು ಮಾತಾಡಲಿಲ್ಲ, ಯಾರೂ ಕಂಬ ಹತ್ತಲಿಲ್ಲ. ಬಾಯ್ತುಂಬ ಸಾಹೇಬ್ರ ಅನ್ನುತ್ತಲೇ ನನ್ನನ್ನು ಮೂಲೆಗೆ ಕೂರಿಸಿದ್ದರು.

ಒಂಬತ್ತನೆಯ ದಿನ ಪಂಪ್‌ಹೌಸಿನ ಲೈನಿನ ಕಂಬದ ಮೇಲೆ, ತಂತಿ ಹೊತ್ತ ಪಿಂಗಾಣಿ ಬಟ್ಟಲು ಒಡೆದು ತಂತಿ ಜೋತುಬಿತ್ತು. ಊರಿನ ನೀರಿನ ಟ್ಯಾಂಕು ತುಂಬುವುದು ಆ ಪಂಪಿನಿಂದ. ಎರಡು ದಿನ ನಲ್ಲಿಯಲ್ಲಿ ಹನಿ ನೀರಿಲ್ಲ. ಹೆಂಗಸರು ಕೊಡ ಹಿಡಿದು ಆಫೀಸಿನ ಕಟ್ಟೆಯ ಮೇಲೆ ಕೂತರು. ಅವರಲ್ಲೊಬ್ಬ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಪ್ಪಾ, ನಿನ್ನ ಕರೆಂಟು ನಿನ್ನ ಮನ್ಯಾಗ ಇಟ್ಕಾ, ನಮಗ ನೀರು ಬಿಡು ಸಾಕು," ಎಂದಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಸಂಜೆಯೊಳಗೆ ಲೈನ್ ಸರಿಯಾಗದಿದ್ದರೆ ಆ ಊರಿನಲ್ಲಿ ತಲೆಯೆತ್ತಿ ಓಡಾಡುವುದು ಮುಗಿದಂತೆ. ಲೈನ್‌ಮನ್‌ಗಳು ಹೊರಗೆ ಬೇವಿನ ಮರದಡಿ ಬೀಡಿ ಸೇದುತ್ತ ಕೂತಿದ್ದರು.

ಒಳಗೆ ಬಂದು ಫೋನಿನ ಹತ್ತಿರದ ಅಣ್ಣನ ಮೇಲೆ ಸಿಟ್ಟು ತೀರಿಸಿಕೊಂಡೆ. "ಇವ್ರಿಗೆ ಆಗಿದ್ದಾದ್ರೂ ಏನು? ಊರು ನೀರಿಲ್ದ ಸಾಯಾಕತ್ತೈತಿ."

ಅವನು ಬರೆಯುತ್ತಿದ್ದ ಎಡಗೈಯ ಪೆನ್ನನ್ನು ಕೆಳಗಿಟ್ಟ. ಮೇಜಿನಡಿಯಿಂದ ಬಲಗೈ ತೆಗೆದು ಕಂಪ್ಲೇಂಟ್ ಪುಸ್ತಕದ ಮೇಲಿಟ್ಟ. ಬೆರಳು ಒಳಕ್ಕೆ ಮಡಚಿಕೊಂಡು, ಚರ್ಮ ಸುಟ್ಟು ಬಿಗಿದುಹೋಗಿತ್ತು. ಹತ್ತು ದಿನ ಒಂದೇ ಕೋಣೆಯಲ್ಲಿ ಕೂತಿದ್ದೆ. ಅವನು ಹುಟ್ಟಾ ಎಡಚನೆಂದೇ ತಿಳಿದಿದ್ದೆ.

"ಹೋದ ವರ್ಷ ನಾನೂ ಕಂಬ ಹತ್ತಾವ್ನ ಇದ್ನಿರಿ," ಎಂದ. "ಆಗ ಆಫೀಸಿನ ಬೀಗ ಇತ್ತು. ಒಂದು ಕೀಲಿಕೈ ನನ್ನತ್ರ, ಇನ್ನೊಂದು ಡ್ರಾಯರಿನ್ಯಾಗ. ಮಿಲ್ಲಿನ ಸಾವಕಾರ್ರು ಬಂದು ಅವಸರ ಮಾಡಿದ್ರು. ಹಿಂದಿನ ಸಾಹೇಬ್ರು ಕೆಲಸ ಮುಗದಿರಬೇಕು ಅಂದ್ಕೊಂಡು ಡ್ರಾಯರಿಂದ ತಗೊಂಡು ಹೋಗಿ ಹಿಡಿಕಿ ಎತ್ತಿದ್ರು. ನಾನಿನ್ನೂ ಕಂಬದ ಮ್ಯಾಲ ಇದ್ನಿ. ಕೆಟ್ಟೋರಲ್ಲ ಬಿಡ್ರಿ. ಆಮ್ಯಾಲೆ ದವಾಖಾನಿಗೆ ಬಂದು ಅತ್ತರು."

ಆ ಡ್ರಾಯರು ನನ್ನದೇ ಟೇಬಲ್ಲಿನದು. ನನಗೆ ಕೂರಲಾಗಲಿಲ್ಲ. ನಾಚಿಕೆ ಎಂದರೆ ಏನೆಂದು ಅವತ್ತು ಗೊತ್ತಾಯಿತು.

ಕೀಲಿಕೈ ತೆಗೆದುಕೊಂಡು ಬೇವಿನ ಮರದಡಿಗೆ ಹೋದೆ. ಚಾಚಾ ಬೀಡಿ ಆರಿಸಿ ಎದ್ದು ನಿಂತ. "ಚಾಚಾ, ನನಗ ಗೊತ್ತಿರ್ಲಿಲ್ಲ. ತಪ್ಪಾತು," ಎಂದು ಅದನ್ನು ಅವನ ಅಂಗೈಯಲ್ಲಿಟ್ಟೆ. ಈಗ ಇವನು ಕರಗುತ್ತಾನೆ, ಹಗ್ಗ ಎತ್ತಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಕೀಲಿಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ವಾರದ ಮ್ಯಾಲೆ ನಿಮ್ಮತ್ರ ಇತ್ತಲ್ರಿ ಸಾಹೇಬ್ರ," ಎಂದ ಮೆಲ್ಲಗೆ. "ಇದರದ್ದು ಇನ್ನೊಂದು ಮಾಡ್ಸಿಲ್ಲ ಅಂತ ನಾನು ಹೆಂಗ ತಿಳೀಲಿ?"

ಉಳಿದಿಬ್ಬರು ನೆಲ ನೋಡಿದರು. ನನ್ನ ಕಿವಿ ಬಿಸಿಯಾದವು. ಹಳೆಯ ನಾನಾಗಿದ್ದರೆ ಅಲ್ಲೇ ರೇಗಿ ಮೆಮೊ ಬರೆಯುತ್ತಿದ್ದೆ. ಆದರೆ ಆ ಮಡಚಿದ ಬೆರಳು ಕಣ್ಣಿನಿಂದ ಹೋಗಿರಲಿಲ್ಲ. ಮನುಷ್ಯ ಕೇಳಿದ್ದರಲ್ಲಿ ತಪ್ಪೇನಿತ್ತು? ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ.

"ತಿಳಿಯಾಕ ದಾರಿ ಇಲ್ಲ," ಎಂದೆ. "ಒಂದು ಮಾಡ್ತೀನಿ. ನೀವು ಮ್ಯಾಲಿರೋತನಕ ನಾನು ಆ ಹಿಡಿಕಿ ಬುಡಕ್ಕ ಕುಂದರ್ತೀನಿ. ನಿಮ್ಮ ಕಣ್ಣ ಮುಂದ ಇರ್ತೀನಿ. ನಾನು ಎದ್ದು ನಿಂತ್ರ ಸಾಕು, ನೀವು ಇಳದು ಬಂದುಬಿಡ್ರಿ."

ಅವನು ಕೀಲಿಕೈಯನ್ನು ಜೇಬಿಗೆ ಹಾಕಿದ. ಆಮೇಲೆ ಹಗ್ಗ ಎತ್ತಿಕೊಂಡ.

ಬಟ್ಟಲು ಒಡೆದ ಕಂಬ ಜೋಡಿ ಕಂಬದ ಪಕ್ಕದ್ದೇ. ಚಾಚಾ ಹಿಡಿಕೆ ಇಳಿಸಿ ಬೀಗ ಹಾಕಿದ, ತಂತಿಯಲ್ಲಿ ಉಳಿದ ಕರೆಂಟು ಇಳಿದುಹೋಗಲೆಂದು ನೆಲಕ್ಕೆ ತಾಗುವ ಸರಪಳಿಯನ್ನು ಅದರ ಮೇಲೆ ಎಸೆದ, ಎರಡೂ ಕೀಲಿಕೈ ತೋಳಿಗೆ ಕಟ್ಟಿಕೊಂಡು ಹತ್ತಿದ. ಜನ ಹೇಳಿದ್ದು ಸುಳ್ಳಲ್ಲ. ನಾನು ಹಿಡಿಕೆಯ ಬುಡದಲ್ಲಿ ಕಲ್ಲಿನ ಮೇಲೆ ಕೂತು, ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡೆ. ಹೊತ್ತು ನೆತ್ತಿಯ ಮೇಲಿತ್ತು. ಬೆನ್ನಿಗೆ ಬೆವರು ಇಳಿದರೂ ಒರೆಸಿಕೊಳ್ಳಲಿಲ್ಲ. ಅವನು ಮೂರು ನಾಲ್ಕು ಸಲ ತಿರುಗಿ ನೋಡಿದ್ದನ್ನು ನಾನೂ ನೋಡಿದೆ.

ಅರ್ಧ ಕೆಲಸವಾಗಿರಬೇಕು, ಮೋಟರ್‌ಸೈಕಲ್ಲಿನ ಸದ್ದು ಕೇಳಿತು. ಎಣ್ಣೆ ಮಿಲ್ಲಿನ ಸಾಹುಕಾರರು. ಮಿಲ್ಲಿಗೂ ಇದೇ ಲೈನು. ಮೇಲಿನ ಸಾಹೇಬರಿಗೆ ಫೋನ್ ಮಾಡಿ ಬಂದಿದ್ದೇನೆ, ಒಂದು ಗಂಟೆಯೊಳಗೆ ಕರೆಂಟ್ ಕೊಡಲು ಹೇಳಿದ್ದಾರೆ ಎಂದರು.

"ಇನ್ನೇನು ಮುಗದೈತಲ್ರಿ," ಎಂದು ಕಂಬದ ಕಡೆ ಕೈ ತೋರಿಸಿದರು. "ಅವನಿಗೊಂದು ಕೂಗು ಹಾಕ್ರಿ, ಇಳೀತಾನ. ನೀವು ಎದ್ದು ಎತ್ತಿಬಿಡ್ರಿ. ಹೊಸಬ್ರು ಅದೀರಿ, ಮ್ಯಾಲಿನೋರ ಮಾತು ಮೀರಬ್ಯಾಡ್ರಿ."

ಮೇಲೆ ಚಾಚಾನ ಕೈ ನಿಂತಿತ್ತು. ಕೆಳಗಿದ್ದ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನನ್ನ ಸಿಟ್ಟು ಜನ್ಮದಲ್ಲಿ ಒಮ್ಮೆ ಸರಿಯಾದ ಹೊತ್ತಿಗೆ ಬಂತು. ಕೂತ ಕಲ್ಲಿನಿಂದ ಅಲುಗಾಡದೆ, ಮೇಲಿದ್ದವನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ:

"ಕೀಲಿಕೈ ಕಂಬದ ಮ್ಯಾಲೈತ್ರಿ ಸಾವಕಾರ್ರ. ಅಷ್ಟು ಅವಸರ ಇದ್ರ ಹತ್ತಿ ಇಸ್ಕೊಂಡು ಬರ್ರಿ."

ಆಮೇಲೆ ಮೇಲಿನಿಂದ ನಗು ಕೇಳಿತು. ಚಾಚಾ ಹಗ್ಗಕ್ಕೆ ಬೆನ್ನು ಕೊಟ್ಟು, ಹೊಟ್ಟೆ ಕುಣಿಸುತ್ತ ನಗುತ್ತಿದ್ದ. ಸಾಹುಕಾರರು ಗಾಡಿ ತಿರುಗಿಸಿದರು. ಚಾಚಾ ಅದಾದ ಮೇಲೆ ಒಮ್ಮೆಯೂ ನನ್ನ ಕಡೆ ತಿರುಗಿ ನೋಡಲಿಲ್ಲ. ಕೆಲಸ ಮುಗಿಯುವವರೆಗೆ ಅವನ ಬೆನ್ನು ನನ್ನ ಕಡೆಗೇ ಇತ್ತು. ನನ್ನ ಎದೆಯ ಭಾರ ಇಳಿದದ್ದು ಆ ಬೆನ್ನನ್ನು ನೋಡುತ್ತ ಕೂತಾಗ.

ನಾಲ್ಕು ಗಂಟೆಗೆ ಪಂಪು ಗುರುಗುಟ್ಟಿತು. ಕಟ್ಟೆಯ ಮೇಲಿನ ಕೊಡಗಳೆಲ್ಲ ನಲ್ಲಿಯ ಕಡೆ ಓಡಿದವು. ಮೇಲಿನ ಸಾಹೇಬರಿಂದ ಮೆಮೊ ಬಂದೀತೆಂದು ಒಂದು ವಾರ ಕಾದೆ. ಅದು ಬರಲೇ ಇಲ್ಲ.

ಪಂಪು ಶುರುವಾದ ಮರುದಿನ ಬೆಳಿಗ್ಗೆ ಚಾಚಾ ಒಳಗೆ ಬಂದು, ತೋಳಿನ ದಾರದಿಂದ ಒಂದು ಕೀಲಿಕೈ ಬಿಚ್ಚಿ ನನ್ನ ಮುಂದಿಟ್ಟ. ನಾನು ಹಿಂದಕ್ಕೆ ತಳ್ಳಿದೆ.

"ಬ್ಯಾಡ ಚಾಚಾ. ನಿಮ್ಮತ್ರಾನ ಇರ್ಲಿ. ನನಗ ಅದು ಬ್ಯಾಡ."

"ಬ್ಯಾಡ ಅಂತೀರಲ್ಲ, ಅದಕ್ಕ ಕೊಡಾಕತ್ತೀನ್ರಿ," ಎಂದ. "ನಾಳಿ ನನಗೇನರ ಆದ್ರ ಊರಿಗೆ ಕರೆಂಟ್ ಯಾರು ಕೊಡ್ತಾರ?"

ಅದು ನಾನೇ ಮೂರನೆಯ ದಿನ ಯೋಚಿಸಿದ್ದ ಮಾತು. ಕೀಲಿಕೈಯನ್ನು ಡ್ರಾಯರಿಗೆ ಹಾಕಲು ಕೈ ಬರಲಿಲ್ಲ. ಫೋನಿನ ಹತ್ತಿರದ ಅಣ್ಣ ಎದ್ದು, ಫೈಲು ಕಟ್ಟುವ ದಾರದ ತುಂಡೊಂದನ್ನು ಹಲ್ಲಿನಲ್ಲಿ ಕಡಿದು ತಂದ. ಅವನ ಎಡಗೈ, ನನ್ನ ಬಲಗೈ ಸೇರಿ ಗಂಟು ಹಾಕಿದೆವು. ನಾಲ್ಕು ವರ್ಷದ ನಂತರ ವರ್ಗವಾಗುವವರೆಗೆ ಅದು ನನ್ನ ತೋಳಿನಲ್ಲೇ ಇತ್ತು. ಒಮ್ಮೆಯೂ ಅದನ್ನು ಬಳಸಬೇಕಾಗಿ ಬರಲಿಲ್ಲ.