ಕವಚಕ್ಕೆ ಕೊಬ್ಬರಿ ಎಣ್ಣೆ

ಮೆಲ್ಬರ್ನ್ ಹೊರವಲಯದ ಮೈದಾನದಲ್ಲಿ ಮಧ್ಯಯುಗದ ಇಂಗ್ಲೆಂಡನ್ನು ವೇಷ ತೊಟ್ಟು ಆಡಿ ತೋರಿಸುವ ಮೇಳ. ಅಲ್ಲೇ ಕ್ರೇಗಿಬರ್ನ್ ಬಡಾವಣೆಯ ತನ್ನ ಮನೆಯಲ್ಲಿ ನನ್ನನ್ನು ಉಳಿಸಿಕೊಂಡಿರುವ ಮೈಸೂರಿನ ಸುಧೀಂದ್ರನಿಗೆ ಹಳೆಯ ಇಂಗ್ಲಿಷ್ ಪ್ರೇಮಕಾವ್ಯಗಳ ಹುಚ್ಚು. ಇಲ್ಲಿ ಕವಚ ತೊಟ್ಟು ‘ನೈಟ್’ ಆಗಿ, ಅಂದರೆ ಆ ಕಾಲದ ವೀರಯೋಧನಾಗಿ, ಕಾದಾಡುತ್ತಾನೆ. ಅವನ ಹೆಂಡತಿ ವೀಣಾ ಕಾರಿನ ಡಿಕ್ಕಿಯಲ್ಲಿ ಕೂತು ಕವಚದ ಕೀಲುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು, ಆಮೇಲೆ ಅವನ ಬೆನ್ನಿನ ಪಟ್ಟಿಗಳನ್ನು ಒಂದೊಂದಾಗಿ ಬಿಗಿದಳು. ಸುಧೀಂದ್ರ ನೇರವಾಗಿ ಹೋಗಿ ಬೇರೊಬ್ಬರ ಹೆಂಡತಿಯ ಮುಂದೆ ಮಂಡಿಯೂರಿ, ಆ ಕಾಲದ ವೀರರ ಪದ್ಧತಿಯಂತೆ, ಒಲವಿನ ಗುರುತಾಗಿ ತೋಳಿಗೆ ಕಟ್ಟಿಕೊಳ್ಳಲು ಆಕೆಯ ರಿಬ್ಬನ್ ಬೇಡಿದ.

“ನಿನ್ನ ಹತ್ರಾನೇ ಕೇಳ್ಬಹುದಿತ್ತಲ್ಲಮ್ಮ,” ಎಂದೆ.

“ಸ್ವಂತ ಹೆಂಡ್ತಿ ಹತ್ರ ಕೇಳಿದ್ರೆ ಅದು ಲವ್ ಅಲ್ವಂತೆ ಅಂಕಲ್. ಕಾವ್ಯದಲ್ಲೆಲ್ಲ ಹಾಗೇ ಇದೆಯಂತೆ.”

ವೀಣಾ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ದನಿಯಲ್ಲಿ ದೂರೇನೂ ಇರಲಿಲ್ಲ.

ರಿಬ್ಬನ್ ಸಿಕ್ಕಿತು, ಚಪ್ಪಾಳೆಯೂ ಬಿತ್ತು. ಸುಧೀಂದ್ರ ಮಾತ್ರ ಮೇಲೇಳಲಿಲ್ಲ. ಒಮ್ಮೆ ಪ್ರಯತ್ನಿಸಿದ, ಕವಚದ ಭಾರಕ್ಕೆ ಮತ್ತೆ ಮಂಡಿಗೇ ಬಂದ. ಆ ಮಹಿಳೆ ಬೆರಳ ತುದಿ ಚಾಚಿ ನಗುತ್ತ ನಿಂತಿದ್ದಳು. ಅವನ ಶಿರಸ್ತ್ರಾಣ ನಿಧಾನವಾಗಿ ನಮ್ಮ ಕಡೆಗೆ ತಿರುಗಿತು.

ವೀಣಾ ಎಣ್ಣೆಗೈಯನ್ನು ಜೀನ್ಸಿಗೆ ಒರೆಸಿಕೊಂಡು, “ಇರಿ, ಬಂದೆ,” ಎನ್ನುತ್ತ ಮೈದಾನಕ್ಕೆ ಇಳಿದಳು.